ಅಪ್ಪನ ಪದ್ಮಿನಿಯ ಸ್ಟೀರಿಂಗು

ಸೆಕೆಂಡ್ ಹ್ಯಾಂಡ್ ಕಾರು ನೋಡೋಕೆ ಹೋದಾಗ ಮೀಟರ್ ನಂಬಬೇಡಿ, ಸ್ಟೀರಿಂಗ್ ಮುಟ್ಟಿ ನೋಡಿ ಅಂತಾರೆ ಗೊತ್ತಿರೋರು. ಮೀಟರನ್ನು ಹಿಂದಕ್ಕೆ ತಿರುಗಿಸಬಹುದು, ಕೈ ಸವೆಸಿದ್ದನ್ನು ಮುಚ್ಚಿಡೋದು ಕಷ್ಟ. ನಮ್ಮಪ್ಪನ 1984ರ ಪ್ರೀಮಿಯರ್ ಪದ್ಮಿನಿಯ ಮೀಟರ್ ಯಾವತ್ತೋ ನಿಂತುಹೋಗಿದೆ. ಅದು ಎಷ್ಟು ಓಡಿದೆ ಅನ್ನೋಕೆ ಉಳಿದಿರೋ ಸಾಕ್ಷಿ ಆ ಸ್ಟೀರಿಂಗ್ ಒಂದೇ. ಗೇರ್ ಕಡ್ಡಿ ಸ್ಟೀರಿಂಗಿನ ಪಕ್ಕದಲ್ಲೇ, ಎಡಗಡೆಗೆ. ಎಡಗೈಗೆ ಅದರದ್ದೇ ಕೆಲಸವಾದ್ದರಿಂದ ಚಕ್ರ ಹಿಡಿಯೋ ಹೊಣೆಯೆಲ್ಲ ಬಲಗೈದು. ಹಾಗಾಗಿ ಬಲಭಾಗ ಸವೆದೂ ಸವೆದೂ ಕನ್ನಡಿಯಂತೆ ಹೊಳೆಯುತ್ತೆ.

ವಿಜಯಪುರ ಅಂದ ತಕ್ಷಣ ಆಫೀಸಿನಲ್ಲಿ ಎಲ್ಲರೂ ಗೋಲಗುಂಬಜ್ ಕೇಳ್ತಾರೆ. ನಮ್ಮದು ಆ ವಿಜಯಪುರ ಅಲ್ಲ. ದೇವನಹಳ್ಳಿ ತಾಲ್ಲೂಕಿನದು, ಹಳಬರ ಬಾಯಲ್ಲಿ ವಡಿಗೇನಹಳ್ಳಿ. 2008ರಲ್ಲಿ ಏರ್‌ಪೋರ್ಟ್ ಶುರುವಾಗೋ ಮುಂಚೆ ನಮ್ಮ ಕಡೆ ಬೆಳಗಾದರೆ ಜನ ಕೇಳ್ತಿದ್ದದ್ದು ಸೈಟಿನ ರೇಟಲ್ಲ, ರೇಷ್ಮೆ ಗೂಡಿನ ರೇಟು. ಅಪ್ಪ ರೀಲರ್. ವಿಜಯಪುರದ ಮಾರುಕಟ್ಟೆಯಲ್ಲಿ, ಒಮ್ಮೊಮ್ಮೆ ಶಿಡ್ಲಘಟ್ಟದಲ್ಲಿ ಗೂಡು ಕೂಗಿ ತಂದು, ಬೇಯಿಸಿ, ನೂಲು ತೆಗೆದು, ಲಡಿಗಳನ್ನು ಪದ್ಮಿನಿಯ ಡಿಕ್ಕಿಯಲ್ಲಿಟ್ಟು ಬೆಂಗಳೂರಿಗೆ ಒಯ್ಯುತ್ತಿದ್ದರು. ಬಿಸಿನೀರಲ್ಲಿ ಅದ್ದೀ ಅದ್ದೀ ಅವರ ಬೆರಳು ಸದಾ ಬಿಳಿಚಿಕೊಂಡಿರುತ್ತಿದ್ದವು. ಆ ಬೆರಳುಗಳೇ ಸವೆಸಿದ ಸ್ಟೀರಿಂಗ್ ಇದು.

ಸವೆದದ್ದು ತೊಂದರೆಯಲ್ಲ. ತೊಂದರೆ ಬಂದಿದ್ದು ಬಿರುಕಿನಿಂದ. ಒಂದು ಭಾನುವಾರ ಬಸ್ ಸ್ಟ್ಯಾಂಡ್ ಹತ್ತಿರ ಕಾರು ತಿರುಗಿಸುವಾಗ ಎಡಗಡೆಯ ಬಿರುಕಿಗೆ ಅಪ್ಪನ ಅಂಗೈ ಸಿಕ್ಕಿ ಸೀಳಿತು. ಅವರಿಗೆ ಈಗ 74. ಸ್ಟೆಂಟ್ ಹಾಕಿಸಿದ ಮೇಲೆ ರಕ್ತ ತೆಳು ಮಾಡೋ ಮಾತ್ರೆ ತಗೋತಾರೆ. ಸಣ್ಣ ಗಾಯ, ಆದರೆ ಟವೆಲ್ ಪೂರ್ತಿ ನೆನೆದರೂ ರಕ್ತ ನಿಲ್ಲಲಿಲ್ಲ. ಅಮ್ಮ ಅವತ್ತೇ ತೀರ್ಪು ಕೊಟ್ಟರು: "ಒಂದೋ ಅದನ್ನ ಸರಿ ಮಾಡ್ಸು, ಇಲ್ಲಾ ಕಾರು ಮಾರಾಕು."

ನನಗೆ ಮೊದಲು ಹೊಳೆದದ್ದು ಜೆ.ಸಿ. ರೋಡು. ಅಲ್ಲಿ ಲೆದರ್ ಸುತ್ತಿದ, ಪುಟ್ಟ ಸ್ಪೋರ್ಟ್ಸ್ ಸ್ಟೀರಿಂಗ್ ಸಿಗುತ್ತೆ. ನಮ್ಮೂರ ಗ್ಯಾರೇಜಿನ ಮೇಸ್ತ್ರಿ ಬೇಡ ಅಂದರು. ಪದ್ಮಿನಿಗೆ ಪವರ್ ಸ್ಟೀರಿಂಗ್ ಇಲ್ಲ. ಚಕ್ರ ಅಷ್ಟು ದೊಡ್ಡದಾಗಿರೋದೇ ಅದಕ್ಕೆ: ಚಕ್ರ ದೊಡ್ಡದಾದಷ್ಟೂ ಕೈಗೆ ಹಗುರ. ಚಿಕ್ಕದು ಹಾಕಿದರೆ ಅಪ್ಪ ಪಾರ್ಕ್ ಮಾಡುವಾಗಲೆಲ್ಲ ಭುಜ ಹಿಡ್ಕೊಂಡು ಕೂರಬೇಕು. "ಇದನ್ನೇ ರಿಪೇರಿ ಮಾಡೋಣ ಸಾರ್, ಒಳಗೆ ಕಬ್ಬಿಣ ಗಟ್ಟಿ ಇದ್ರೆ ಸಾಕು" ಅಂದರು.

ಒಳಗೆ ಉಕ್ಕಿನ ಬಳೆ, ಅದರ ಮೇಲೆ ಗಟ್ಟಿ ಪ್ಲಾಸ್ಟಿಕ್. ಬಿಸಿಲಿಗೆ ಎರಡೂ ಹಿಗ್ಗುತ್ತವೆ, ತಂಪಿಗೆ ಕುಗ್ಗುತ್ತವೆ, ಆದರೆ ಒಂದೇ ಅಳತೆಯಲ್ಲಲ್ಲ. ವರ್ಷಗಟ್ಟಲೆ ಬಯಲಲ್ಲಿ ನಿಂತ ಕಾರಿನಲ್ಲಿ ಪ್ಲಾಸ್ಟಿಕ್ ಒಣಗಿ, ಕುಗ್ಗಿ, ಕೊನೆಗೆ ಕಡ್ಡಿ ಬಂದು ಬಳೆಗೆ ಸೇರೋ ಕಡೆ ಬಾಯಿ ಬಿಡುತ್ತೆ.

ಶನಿವಾರ ಬ್ಯಾಟರಿ ವೈರ್ ಬಿಚ್ಚಿ, ಹಾರ್ನ್ ಗುಂಡಿ ಎಬ್ಬಿಸಿದೆವು. ಚಕ್ರ ನೇರ ಇಟ್ಟು ಚಕ್ರಕ್ಕೂ ರಾಡಿಗೂ ಗುರುತು ಹಾಕಿಕೊಂಡೆವು. ಇದನ್ನು ಮರೆತರೆ ಕಾರು ನೇರ ಹೋಗ್ತಿದ್ದರೂ ಸ್ಟೀರಿಂಗ್ ಸೊಟ್ಟಗಿರುತ್ತೆ. ನಡುವಿನ ನಟ್ ಬಿಚ್ಚಿ, ಪುಲ್ಲರ್ ಹಾಕಿ ಎಳೆದಾಗ ಚಕ್ರ ಈಚೆ ಬಂತು. ಸೋಪು ನೀರಲ್ಲಿ ಉಜ್ಜಿದರೆ ಬಕೆಟ್ ಪೂರ್ತಿ ಕಪ್ಪು. ಆಮೇಲೆ ಬಿರುಕುಗಳನ್ನು ಅರದಿಂದ ಅಗಲ ಮಾಡಿದೆವು. ಇರೋ ಬಿರುಕನ್ನು ದೊಡ್ಡದು ಮಾಡೋದು ವಿಚಿತ್ರ ಅನಿಸುತ್ತೆ, ಆದರೆ ಕೂದಲೆಳೆಯಂಥ ಸಂದಿಯೊಳಗೆ ಯಾವ ಅಂಟೂ ಕಚ್ಚಿ ನಿಲ್ಲಲ್ಲ. ಒಳಗಿನ ಉಕ್ಕಿಗೆ ಮೇಲೆ ಮೇಲೆ ತುಕ್ಕು ಹಿಡಿದಿತ್ತು ಅಷ್ಟೇ. ಅದನ್ನು ಉಜ್ಜಿ ತೆಗೆದು, ಪ್ರೈಮರ್ ಬಳಿದು, ಎಂ-ಸೀಲ್ ಕಲಸಿ ಗಚ್ಚಾಗಿ ತುಂಬಿದೆವು. ಉಕ್ಕೇ ಸೀಳಿದ್ದರೆ ಅಲ್ಲಿಗೆ ಕಥೆ ಮುಗೀತಿತ್ತು; ಅಂಥ ಚಕ್ರವನ್ನು ರಿಪೇರಿ ಮಾಡಬಾರದು. ಮಾರನೇ ದಿನ 80ನೇ ನಂಬರಿನ ಎಮರಿ ಪೇಪರ್, ಆಮೇಲೆ 220, ಕೊನೆಗೆ ನೀರು ಹಾಕಿ 400. ಕಣ್ಣು ಮುಚ್ಚಿ ಬೆರಳಾಡಿಸಿದರೆ ತುಂಬಿದ ಜಾಗ ಯಾವುದು ಅಂತ ಗೊತ್ತಾಗಬಾರದು, ಅಲ್ಲೀವರೆಗೂ ಉಜ್ಜಬೇಕು.

ಇನ್ನು ಉಳಿದಿದ್ದು ಬಣ್ಣ. ಇಡೀ ಚಕ್ರಕ್ಕೆ ಕಪ್ಪು ಹೊಡೆದು ಹೊಸದರಂತೆ ಮಾಡಿಬಿಡೋಣ ಅಂತಿದ್ದೆ. ಜಗುಲಿ ಮೇಲೆ ಕೂತಿದ್ದ ಅಪ್ಪ ಬಂದು ಬಲಗಡೆ ಮೇಲೆ ಕೈಯಿಟ್ಟರು.

"ಈ ಕಡೆ ಯಾಕಪ್ಪ ಮುಟ್ತೀಯಾ? ಚೆನ್ನಾಗೇ ಇದೆಯಲ್ಲ."

"ಎರಡೂ ಕಡೆ ಒಂದೇ ಥರ ಕಾಣಲಿ ಅಂತ."

"ಎಳೆ ಹರಿದ್ರೆ ಹರಿದ ಕಡೆ ಕಟ್ತೀವಿ. ಅದಕ್ಕೋಸ್ಕರ ಲಡೀನೇ ಬಿಸಾಕ್ತೀವಾ?"

ಹಾಗಾಗಿ ಎಡಗಡೆಗೆ, ಕಡ್ಡಿಗಳಿಗೆ ಮಾತ್ರ ಬಣ್ಣ ಬಿತ್ತು. ಬಲಭಾಗ ಹಾಗೇ ಉಳೀತು. ಎರಡು ಕಪ್ಪೂ ಬೇರೆ ಬೇರೆ ಅಂತ ನೋಡಿದ ಕೂಡಲೇ ಗೊತ್ತಾಗುತ್ತೆ. ಕಾರ್ ಶೋಗೆ ಒಯ್ದರೆ ಬಹುಮಾನವಂತೂ ಬರಲ್ಲ.

ನಮ್ಮಲ್ಲಿ ಹಳೇ ಕಾರಿನ ಬಗ್ಗೆ ಪ್ರೀತಿ ಅಂದ್ರೆ ಒಂದೋ ಫಳಫಳ ಹೊಳೆಸೋದು, ಇಲ್ಲಾ ಮ್ಯೂಸಿಯಂನಲ್ಲಿ ಇಡೋದು. ಧರ್ಮಸ್ಥಳದ ಕಾರು ಸಂಗ್ರಹ ನೋಡಿ ನಾನೂ ಬಾಯಿಬಿಟ್ಟು ನಿಂತವನೇ. ಅಂಥ ಕಡೆ ಇಡೋಕೆ ಬೇಕಾದ ಚರಿತ್ರೆ ಪದ್ಮಿನಿಗೂ ಇದೆ. ಇದನ್ನು ಮಾಡಿದ ಮುಂಬೈನ ಪ್ರೀಮಿಯರ್ ಕಂಪನಿ ಕಟ್ಟಿದವರು ವಾಲ್‌ಚಂದ್ ಹೀರಾಚಂದ್. ನಮ್ಮೂರಿಂದ ದೂರವೇನಲ್ಲದ ಮುದ್ದೇನಹಳ್ಳಿಯ ಸರ್ ಎಂ. ವಿಶ್ವೇಶ್ವರಯ್ಯನವರ ಜೊತೆ ಸೇರಿ ಅವರು ಮೈಸೂರು ಸಂಸ್ಥಾನದಲ್ಲೇ ಕಾರು ಕಾರ್ಖಾನೆ ತೆರೆಯೋಕೆ ಓಡಾಡಿದ್ದರು. ಬ್ರಿಟಿಷ್ ಸರ್ಕಾರದ ಒಪ್ಪಿಗೆ ಸಿಗಲಿಲ್ಲ. 1940ರಲ್ಲಿ ಬೆಂಗಳೂರಿಗೆ ವಿಮಾನ ಕಾರ್ಖಾನೆ ಬಂತು, 1944ರಲ್ಲಿ ಕಾರಿನ ಕಂಪನಿ ಮುಂಬೈ ಪಾಲಾಯಿತು. ಇಲ್ಲದಿದ್ದರೆ ಅಪ್ಪನ ಪದ್ಮಿನಿ ಇಲ್ಲೇ ಹುಟ್ಟುತ್ತಿತ್ತೋ ಏನೋ.

2021ರ ಕೇಂದ್ರದ ನಿಯಮದ ಪ್ರಕಾರ 50 ವರ್ಷ ದಾಟಿದ, ಮೂಲ ರೂಪ ಕೆಡದ ಕಾರಿಗೆ ವಿಂಟೇಜ್ ಅಂತ ನೋಂದಣಿ ಸಿಗುತ್ತೆ, ನಂಬರಿನಲ್ಲಿ 'ವಿಎ' ಅಂತ ಬರುತ್ತೆ. ನಮ್ಮದಕ್ಕೆ 2034ರಲ್ಲಿ ಸಿಗಬಹುದು ಅಂತ ಅಪ್ಪನಿಗೆ ಹೇಳಿದೆ. ಆದರೆ ಆಮೇಲೆ ದಿನಾ ಓಡಿಸೋ ಹಾಗಿಲ್ಲ. ಪ್ರದರ್ಶನ, ರ‍್ಯಾಲಿ, ರಿಪೇರಿ, ಪೆಟ್ರೋಲು, ಇಂಥದ್ದಕ್ಕೆ ಮಾತ್ರ.

ಅಪ್ಪ ಅಂಗೈಯ ಹಳೇ ಗಾಯದ ಗುರುತು ಉಜ್ಜಿಕೊಂಡರು. "ಓಡಿಸಬಾರದು ಅಂದ್ರೆ ಕಾರು ಯಾಕೋ? 2034ಕ್ಕೆ ನಂಗೆಷ್ಟಾಗುತ್ತೆ ಲೆಕ್ಕ ಹಾಕು. ಕೀ ಕೊಡು ಇತ್ಲಾಗೆ, ಗೂಡಿನ ಮಾರ್ಕೆಟ್ಟಿಗೆ ಹೋಗ್ಬರ್ತೀನಿ."