ಲೆಕ್ಕಕ್ಕೆ ಬಾರದ ಸಾವುಗಳು

ತಮಿಳುನಾಡಿನ ತೇನಿ ಜಿಲ್ಲೆಯ ಕಂಬಂ ಕಣಿವೆಯಲ್ಲಿ ತಲೆಮಾರುಗಳಿಂದ ಮನೆಯೊಳಗೆ ಕನ್ನಡವಾಡುವ ಕುಟುಂಬಗಳು ನಮ್ಮವು. 2020ರಲ್ಲಿ ಕೊರೊನಾ ಇಲ್ಲಿಗೂ ಬಂತು. ಆಸ್ಪತ್ರೆಯಲ್ಲಿ ತೀರಿಕೊಂಡವರ ಸಂಖ್ಯೆ ಪತ್ರಿಕೆಯಲ್ಲಿ ಬರುತ್ತಿತ್ತು. ಪರೀಕ್ಷೆಯೇ ಆಗದೆ ಮನೆಯಲ್ಲಿ ಕಣ್ಣುಮುಚ್ಚಿದವರು ಅದರಲ್ಲಿ ಸೇರಲಿಲ್ಲ. ನಮ್ಮ ಬೀದಿಯ ಹಿರಿಯರೊಬ್ಬರಿಗೆ ಕೊರೊನಾ ಇರಲೇ ಇಲ್ಲ. ಡಯಾಲಿಸಿಸ್‌ಗೆ ಮಧುರೆಗೆ ಹೋಗಲು ಲಾಕ್‌ಡೌನಿನಲ್ಲಿ ವಾಹನ ಸಿಗದೆ ತೀರಿಕೊಂಡರು. ಅವರನ್ನು ಯಾವ ಲೆಕ್ಕಕ್ಕೆ ಸೇರಿಸುವುದು?

ತಜ್ಞರು ಇದಕ್ಕೊಂದು ದಾರಿ ಕಂಡುಕೊಂಡಿದ್ದಾರೆ. ಹಿಂದಿನ ವರ್ಷಗಳ ಮರಣಗಳನ್ನು ನೋಡಿ, ರೋಗ ಬಾರದಿದ್ದರೆ ಎಷ್ಟು ಮಂದಿ ಸಾಯುತ್ತಿದ್ದರೆಂದು ಅಂದಾಜು ಮಾಡುತ್ತಾರೆ. ನಿಜವಾಗಿ ಸತ್ತವರ ಸಂಖ್ಯೆಯಲ್ಲಿ ಅದನ್ನು ಕಳೆದರೆ ಉಳಿಯುವುದೇ ‘ಹೆಚ್ಚುವರಿ ಸಾವು’. ಭಾರತದಲ್ಲಿ 2020 ಮತ್ತು 2021ರಲ್ಲಿ ಇದು ಸುಮಾರು 47 ಲಕ್ಷ ಎಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೇಳಿತು. ಸರ್ಕಾರದ ಕೊರೊನಾ ಲೆಕ್ಕ 5 ಲಕ್ಷದೊಳಗಿತ್ತು. ಸಂಸ್ಥೆಯ ಕ್ರಮವನ್ನು ಸರ್ಕಾರ ಒಪ್ಪಲಿಲ್ಲ. ದೇಶದಲ್ಲಿ ನೋಂದಾಯಿತ ಮರಣಗಳು 2020ರಲ್ಲಿ 81 ಲಕ್ಷ, 2021ರಲ್ಲಿ 1 ಕೋಟಿ 2 ಲಕ್ಷ. ಈ ಏರಿಕೆಯಲ್ಲಿ ನೋಂದಣಿ ಸುಧಾರಿಸಿದ್ದೆಷ್ಟು, ಪಿಡುಗು ಕೊಂದದ್ದೆಷ್ಟು ಎಂಬುದೇ ವಿವಾದದ ಮೂಲ. ಹಿಂದಿನ ಪುಸ್ತಕ ಪೂರ್ಣವಾಗಿದ್ದರೆ ಈ ವಿವಾದಕ್ಕೆ ಎಡೆಯಿರುತ್ತಿರಲಿಲ್ಲ.

ಮರಣವನ್ನು 21 ದಿನಗಳೊಳಗೆ ತಿಳಿಸಬೇಕೆಂಬುದು ನಿಯಮ. ಆದರೆ ಆಸ್ತಿ, ಪಿಂಚಣಿಯ ಪ್ರಶ್ನೆ ಬಂದರೆ ಮಾತ್ರ ನಾವು ಕಚೇರಿಯ ಮೆಟ್ಟಿಲು ಹತ್ತುತ್ತೇವೆ. ಶ್ರವಣಬೆಳಗೊಳದ ನಿಷಿಧಿ ಶಾಸನಗಳಲ್ಲಿ ಸಾವಿರ ವರ್ಷಗಳ ಹಿಂದೆ ದೇಹ ತ್ಯಜಿಸಿದವರ ಹೆಸರನ್ನು ಇಂದಿಗೂ ಓದಬಹುದು. ಬಂಧುಗಳೇ, ಏನೂ ಆಸ್ತಿಯಿಲ್ಲದೆ ಹೋದ ಅಜ್ಜಿಯ ಹೆಸರನ್ನೂ ತಪ್ಪದೆ ಬರೆಸೋಣ.