ಸಮುದ್ರದಂಚಿನ ಎರಡು ಎತ್ತರಗಳು

ಕೊಚ್ಚಿಯ ಹಳೆಯ ಭಾಗ ಸಮುದ್ರ ಮಟ್ಟಕ್ಕಿಂತ ಎತ್ತರದಲ್ಲಿರುವುದು ಕೆಲವೇ ಮೀಟರ್. ಇಲ್ಲಿನ ನೆಲ ನದಿ, ಕಡಲು, ಮನುಷ್ಯ ಮೂವರೂ ಸೇರಿ ಕಟ್ಟಿದ್ದು. 1341ರ ಪೆರಿಯಾರ್ ಪ್ರವಾಹ ಮುಸಿರಿಸ್ ಬಂದರಿನ ಬದಿಗೆ ಹೂಳು ತುಂಬಿ, ಕೊಚ್ಚಿಯ ಅಳಿವೆಬಾಯಿಯನ್ನು ತೆರೆಯಿತೆಂದು ಇತಿಹಾಸಕಾರರು ಹೇಳುತ್ತಾರೆ. ಆರು ಶತಮಾನಗಳ ನಂತರ ಎಂಜಿನಿಯರ್ ರಾಬರ್ಟ್ ಬ್ರಿಸ್ಟೋ ಹಿನ್ನೀರಿನ ತಳದ ಮಣ್ಣನ್ನು ಎತ್ತಿಸಿ ವಿಲಿಂಗ್ಡನ್ ದ್ವೀಪವನ್ನೇ ಸೃಷ್ಟಿಸಿದರು. ಇಷ್ಟು ತಗ್ಗಿನಲ್ಲಿ ಒಂದಡಿಯೂ ದೊಡ್ಡದು. ವೃಶ್ಚಿಕ ಮಾಸದ ಉಬ್ಬರಕ್ಕೆ ಮಳೆಯೇ ಇಲ್ಲದೆ ವೈಪಿನ್ ಕಡೆಯ ಅಂಗಳಗಳಿಗೆ ಉಪ್ಪುನೀರು ನುಗ್ಗುತ್ತದೆ.

ತಿರುವನಂತಪುರವೂ ಕಡಲ ಪಕ್ಕದ್ದೇ, ಆದರೆ ಅಲ್ಲಿ ನಡೆದವರ ಕಾಲಿಗೆ ದಿನ್ನೆಗಳು ಗೊತ್ತು. ಮಲಯಾಳದ 'ಕುನ್ನು' ಎಂದರೆ ಗುಡ್ಡ. ಕನಕಕುನ್ನು, ಕುನ್ನುಕುಳಿ ಎಂಬ ಹೆಸರುಗಳೇ ನಕ್ಷೆಯ ಕೆಲಸ ಮಾಡುತ್ತವೆ. ತಿರುವಾಂಕೂರಿನ ಅರಸ ಸ್ವಾತಿ ತಿರುನಾಳ್ 1837ರಲ್ಲಿ ಖಗೋಳ ವೀಕ್ಷಣಾಲಯ ಕಟ್ಟಿಸಿದ್ದು ಸುಮಾರು 60 ಮೀಟರ್ ಎತ್ತರದ ಗುಡ್ಡದ ಮೇಲೆ. ಪೂರ್ವದಲ್ಲಿ ನೆಲ ಏರುತ್ತ ಹೋಗಿ 1,868 ಮೀಟರ್‌ನ ಅಗಸ್ತ್ಯಕೂಡ ಮುಟ್ಟುತ್ತದೆ.

ಎತ್ತರ ಅಳೆಯಲು ಒಂದು ಸೊನ್ನೆ ಬೇಕು. 1909ರ ಹೊತ್ತಿಗೆ ಸಿದ್ಧವಾದ ಭಾರತದ ಮಟ್ಟಗಣನೆಗೆ ಆಧಾರವಾದದ್ದು ಒಂಬತ್ತು ಬಂದರುಗಳ ಸರಾಸರಿ ನೀರಿನ ಮಟ್ಟ. ಆ ಒಂಬತ್ತರಲ್ಲಿ ಕೊಚ್ಚಿಯಿತ್ತು, ನಮ್ಮ ಕಾರವಾರವೂ ಇತ್ತು.