ಅಜ್ಜನ ಎಂಜಿನ್ನಿಗೆ ಬದಲಿ ಯಾವುದು?

ನಮ್ಮದು ರಾಮದುರ್ಗ ತಾಲೂಕಿನ ಕಟಕೋಳ. ಹೊಲದ ಬಾವಿಯ ಮೇಲೆ ಅಜ್ಜ ಕೂರಿಸಿದ್ದ ಡೀಸೆಲ್ ಎಂಜಿನ್ ಲಿಸ್ಟರ್ ಮಾದರಿಯದು: ಎರಡು ದೊಡ್ಡ ಗಾಲಿ, 6 ಎಚ್‌ಪಿ, ನಿಮಿಷಕ್ಕೆ 650 ಸುತ್ತು. ಇಂಗ್ಲೆಂಡಿನ ಡರ್ಸ್ಲಿಯಲ್ಲಿ ಹುಟ್ಟಿದ ಈ ನಮೂನೆಯನ್ನು ರಾಜ್‌ಕೋಟ್‌ನ ಕಾರ್ಖಾನೆಗಳು ನಮ್ಮ ಹಳ್ಳಿಗಳಿಗೆ ಮುಟ್ಟಿಸಿದವು. ಹೋದ ವರ್ಷ ಅದರ ಕ್ರ್ಯಾಂಕ್ ಶಾಫ್ಟ್ ತುಂಡಾಯಿತು. ಹೊಲದಲ್ಲಿ ಉಳ್ಳಾಗಡ್ಡಿ ನಿಂತಿತ್ತು. ಕೈಯಲ್ಲಿದ್ದದ್ದು ಗೋವಿನಜೋಳ ಮಾರಿದ ರೊಕ್ಕ ಅಷ್ಟೇ. ನನ್ನ ಸೆಮಿಸ್ಟರ್ ಫೀ ಕೂಡ ಅದರಲ್ಲೇ ಆಗಬೇಕಿತ್ತು.

ಅಂಗಡಿಯವರು, "10 ಎಚ್‌ಪಿ ಒಯ್ರಿ ಕಾಕಾರ, ಮುಂದ ಚಿಂತಿ ಇಲ್ಲ" ಅಂದರು. ಅಜ್ಜನದು ಒಂದೇ ಹಟ: "ಹಳೇದರಂಥಾದ್ದ ಸೆಕೆಂಡ್ ಹ್ಯಾಂಡ್ ತರ್ರಿ." ಅಪ್ಪ ನನ್ನ ಕಡೆ ತಿರುಗಿ, "ಮೆಕ್ಯಾನಿಕಲ್ ಓದಾಕತ್ತೀಯಲ್ಲ, ನೀನ ಹೇಳಪಾ" ಅಂದರು.

ಲೆಕ್ಕ ಹಾಕಿದೆ. ಬಾವಿ ನೀರಿನಿಂದ ಪಂಪಿಗೆ 5 ಮೀಟರ್, ಅಲ್ಲಿಂದ ಮೇಲಿನ ಹೊಲಕ್ಕೆ 7, ಪೈಪಿನ ಘರ್ಷಣೆಗೆ 3; ಒಟ್ಟು 15 ಮೀಟರ್. ಹಳೆ ಪಂಪು 200 ಲೀಟರಿನ ಬ್ಯಾರಲ್ಲನ್ನು 20 ಸೆಕೆಂಡಿನಲ್ಲಿ ತುಂಬುತ್ತಿತ್ತು, ಅಂದರೆ ಸೆಕೆಂಡಿಗೆ 10 ಲೀಟರ್. ಇಷ್ಟು ನೀರು ಅಷ್ಟೆತ್ತರಕ್ಕೆ ಏರಲು ಬೇಕಾದದ್ದು ಸುಮಾರು 1.5 ಕಿಲೋವ್ಯಾಟ್. ಪಂಪಿನ ದಕ್ಷತೆ ಶೇ. 55 ಅಂತ ಹಿಡಿದರೂ 3.7 ಎಚ್‌ಪಿ ದಾಟುವುದಿಲ್ಲ. 5 ಎಚ್‌ಪಿ ಧಾರಾಳ ಆಯಿತು. ಅದೂ ಅಲ್ಲದೆ, ದೊಡ್ಡ ಎಂಜಿನ್ನಿಗೆ ದೊಡ್ಡ ಪಂಪು ಜೋಡಿಸಿದರೆ ಬಾವಿ ಬೇಗ ಬರಿದಾಗುತ್ತದೆ, ಸೆಲೆ ಏನು ಹೆಚ್ಚಾಗುವುದಿಲ್ಲ.

ಇನ್ನು ವೇಗದ ಪ್ರಶ್ನೆ. ಹಳೆ ಎಂಜಿನ್ 650 ಸುತ್ತಿದರೆ ಪುಲ್ಲಿ-ಬೆಲ್ಟಿನಿಂದ ಪಂಪು 1,500 ಸುತ್ತುತ್ತಿತ್ತು. ಹೊಸ ಎಂಜಿನ್ ತಾನೇ 1,500 ಸುತ್ತುವಂಥದ್ದು. ಅದಕ್ಕೂ ಹಳೆ ಪುಲ್ಲಿಗಳನ್ನೇ ಹಾಕಿದರೆ ಪಂಪನ್ನು 3,460ರ ಸುಮಾರಿಗೆ ಓಡಿಸಲು ನೋಡುತ್ತದೆ. ಪಂಪು ಕೇಳುವ ಶಕ್ತಿ ವೇಗದ ಘನದಂತೆ ಏರುವುದರಿಂದ ಹೊರೆ 12 ಪಟ್ಟಾಗುತ್ತದೆ. ಎಂಜಿನ್ ಉಸಿರುಗಟ್ಟಿ ನಿಲ್ಲುತ್ತದೆ. ಹಳೆ ಹಾಯಿದೋಣಿಗೆ ಹೊಸ ಎಂಜಿನ್ ಕೂರಿಸುವವರಿಗೂ ಇದೇ ತೊಡಕು. ಪ್ರೊಪೆಲ್ಲರ್ ಹಳೆಯದೇ ಇದ್ದರೆ ಗೇರ್ ಅನುಪಾತವನ್ನು ಅದಕ್ಕೆ ಹೊಂದಿಸಲೇಬೇಕು. ಅವರು ನೀರನ್ನು ಹಿಂದಕ್ಕೆ ತಳ್ಳುತ್ತಾರೆ, ನಾವು ಮೇಲಕ್ಕೆ ಎತ್ತುತ್ತೇವೆ, ಅಷ್ಟೇ ವ್ಯತ್ಯಾಸ.

ಅಜ್ಜನ ಮಾತಿನಲ್ಲೂ ಹುರುಳಿತ್ತು. ನಿಧಾನ ತಿರುಗುವ ಎಂಜಿನ್ ಸವೆಯುವುದು ಕಡಿಮೆ, ಹೊಲದಲ್ಲೇ ಬಿಚ್ಚಿ ರಿಪೇರಿ ಮಾಡಬಹುದು. ಆದರೆ ಬೇರೆಯವರು ಎಷ್ಟು ಓಡಿಸಿದ್ದಾರೋ ಗೊತ್ತಿಲ್ಲದ ಎಂಜಿನ್ನಿಗೆ ಇದ್ದ ರೊಕ್ಕ ಎಲ್ಲ ಸುರಿಯಲು ಅಪ್ಪ ಒಪ್ಪಲಿಲ್ಲ. ಕೊನೆಗೆ ನೀರಿನಿಂದ ತಂಪಾಗುವ 5 ಎಚ್‌ಪಿ ಎಂಜಿನ್ ತಂದೆವು. ಎರಡೂ ಕಡೆ ಒಂದೇ ಅಳತೆಯ ಪುಲ್ಲಿ ಹಾಕಿದೆವು. ಹಳೆ ಬೋಲ್ಟುಗಳು ಕೂಡಲಿಲ್ಲ, ಹೊಸದಾಗಿ ಕಾಂಕ್ರೀಟ್ ಕಟ್ಟೆ ಹಾಕಿಸಿದೆವು. ಉಳ್ಳಾಗಡ್ಡಿ ಉಳಿಯಿತು, ಫೀ ಕಟ್ಟಿದ್ದೂ ಆಯಿತು.

ನಿಮ್ಮೂರಾಗ ಯಾರರೆ ಎಷ್ಟು ಎಚ್‌ಪಿ ತರಲಿ ಅಂತ ಕೇಳಿದರೆ, ಕ್ಯಾಟಲಾಗ್ ತೆಗೆಯುವ ಮೊದಲು ಒಂದು ಟೇಪು, ಒಂದು ಬ್ಯಾರಲ್ ತಗೊಂಡು ಅವರ ಬಾವಿಗೆ ಹೋಗಿ ಬನ್ನಿ.